ಮೊದಲ ಓಣಿಯ ಎರ್ರಿಸ್ವಾಮಿ

ನೀರಿನ ವಾಲ್ವು ತಿರುಗಿಸುವ ಆ ಕಬ್ಬಿಣದ ಕೀಲಿಯ ಹಿಡಿಗೆ ಸೈಕಲ್ಲಿನ ಹಳೆಯ ಟ್ಯೂಬ್ ಸುತ್ತಿತ್ತು. ಬಲಗೈ ಹಿಡಿಯುವ ಕಡೆ ಮಾತ್ರ ಅದು ನುಣ್ಣಗೆ ಸವೆದಿತ್ತು. ಕುರುಗೋಡಿನ ಓಣಿಗಳಿಗೆ ನೀರು ಬಿಡುವ ವಾಲ್‌ಮ್ಯಾನ್ ಎರ್ರಿಸ್ವಾಮಿ ಅದನ್ನು ಹೆಗಲ ಮೇಲೆ ಹೊತ್ತು ಹೊರಟರೆ ಮೊದಲ ಓಣಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ನನ್ನ ತಲೆನೋವೂ ಅಲ್ಲಿಂದಲೇ ಶುರು.

ನಾನು ಬಳ್ಳಾರಿಯಲ್ಲಿ ಕೂತು ಕುರುಗೋಡಿನ ಕುಡಿಯುವ ನೀರಿನ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಹಿಂದಿನ ದಿನಗಳ ಬಳಕೆ ನೋಡಿ, ನಾಳೆ ಯಾವ ಓಣಿಗೆ ಎಷ್ಟು ನೀರು ಬೇಕಾದೀತೆಂದು ಅದು ಮೊದಲೇ ಅಂದಾಜು ಮಾಡುತ್ತದೆ. ಅದರಂತೆ ಪಂಪು ನಡೆಸಿ ವಾಲ್ವುಗಳನ್ನು ತೆರೆಯುತ್ತದೆ. ಕೊನೆಯ ಓಣಿಗೂ ನೀರು ಮುಟ್ಟಲಿ ಎಂಬುದೇ ಅದರ ಉದ್ದೇಶ. ಅಲ್ಲಿಯ ಹುಸೇನ್‌ಬೀ ನಲ್ಲಿಯ ಮುಂದೆ ಕಾಯುತ್ತ ಮೆಣಸಿನಕಾಯಿ ಬಿಡಿಸುವ ಕೂಲಿ ಕಳೆದುಕೊಳ್ಳುತ್ತಿದ್ದರು.

ಕರೆಂಟ್ ಹೋದಾಗ ಬಳಸಲೆಂದು ಇದ್ದ ಕೀಲಿ ಅದು. ಆದರೆ ಮೊದಲ ಓಣಿಯಲ್ಲಿ ಯಾರಾದರೂ "ಎರ್ರಿಸ್ವಾಮಿ, ಬೀಗರು ಬಂದಾರಪ, ಒಂದು ಸುತ್ತು ಬಿಡು" ಎಂದರೆ ಸಾಕು, ಅವರು ತಿರುಗಿಸಿಬಿಡುತ್ತಿದ್ದರು. ಪ್ರೋಗ್ರಾಂ ಅದನ್ನೇ ಓಣಿಯ ಅಗತ್ಯವೆಂದು ಕಲಿತು ಮರುದಿನವೂ ಅಲ್ಲಿಗೇ ಹೆಚ್ಚು ಬಿಡುತ್ತಿತ್ತು. ತಮ್ಮ ಊರಿಗೆ ಮರಳಿಹೋದ ಬೀಗರ ಹೆಸರಲ್ಲಿ ವಾರಗಟ್ಟಲೆ ನೀರು!

"ಅಣ್ಣಾರ, ಕೈ ಹಾಕಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಲಿ?"

"ನಾನೇನು ಮನಿಗೆ ಒಯ್ದೀನೇನ್ರಿ ಮೇಡಮ್? ಮಂದಿ ಮಾರಿ ನೋಡಿದ್ರ ಕೈ ತಡಿಯಂಗಿಲ್ಲ. ನಿಮ್ಮ ಕಂಪ್ಯೂಟರಿಗೆ ಮಾರಿ ಕಾಣಂಗಿಲ್ಲ, ಅದರ ಬಾಳೇ ಚಲೋ ಐತಿ ಬಿಡ್ರಿ."

ಒಂದು ದಿನ ಸಿಟ್ಟಿನಲ್ಲಿ ಅವರನ್ನು ಹುಸೇನ್‌ಬೀ ಅಂಗಳಕ್ಕೇ ಕರೆದೊಯ್ದೆ. ಖಾಲಿ ಕೊಡಗಳ ಸಾಲಿನ ಹಿಂದಿನಿಂದ ಆಕೆ, "ಬಾರಪಾ, ಮೊದಲ ಓಣಿ ಅಳಿಯ! ಈ ಕಡಿ ದಾರಿ ಈಗ ಗೊತ್ತಾತೇನು?" ಎಂದರು. ಎರ್ರಿಸ್ವಾಮಿ ತಲೆ ತಗ್ಗಿಸಿದರು. ಬುದ್ಧಿ ಬಂತೆಂದು ನಾನು ಬಳ್ಳಾರಿಗೆ ಮರಳಿದೆ. ಅಂದು ಸಂಜೆಯೇ ಅವರು ಕೊನೆಯ ಓಣಿಯ ವಾಲ್ವನ್ನು ಪೂರ್ತಿ ತೆರೆದು, ಮುಚ್ಚುವುದನ್ನು ಮರೆತು ಮಲಗಿದರು. ಟ್ಯಾಂಕ್ ಬರಿದಾಗಿ ಮರುದಿನ ಇಡೀ ಊರಿಗೆ ನೀರಿಲ್ಲ.

ಬೈಯಲು ಫೋನ್ ಮಾಡಿದರೆ, "ಅಕಿ ಕೊಡ ನೋಡಿ ಕರುಳು ಚುರ್ ಅಂತ್ರಿ" ಎಂದರು.

ಕಳೆದ ತಿಂಗಳು ಅವರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಹೊರಟ ದಿನ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, "ಉಪವಾಸ ಕುಂತು ಕಂಪ್ಯೂಟರ್ ನೋಡಬ್ಯಾಡ್ರಿ ತಂಗೀ" ಎಂದರು. ಎಂದೂ ನನ್ನನ್ನು ಹಾಗೆ ಕರೆದವರಲ್ಲ. ಬಸ್ ಹತ್ತಿ ಕಿಟಕಿಯಿಂದ ಕೂಗಿದರು: "ಓಣಿಯವ್ರಿಗೆ ತ್ರಾಸಾಗಬಾರ್ದು ಅಂತ ನಿಮ್ಮ ನಂಬರ್ ಎಲ್ಲಾರಿಗೂ ಕೊಟ್ಟೀನಿ!"

ಬಸ್ ಹೊರಟೇಹೋಯಿತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗಲೇ ಮೊದಲ ಫೋನ್. "ಮೇಡಮ್ಮಾರ, ಮೊಮ್ಮಗಳನ್ನ ತೊಟ್ಟಿಲಕ ಹಾಕೋದೈತ್ರಿ, ಚೂರು ನೀರು..." ಆಗುವುದಿಲ್ಲ ಎಂದೆ. ಕಚೇರಿಗೆ ಹೋಗಿ, ಎರ್ರಿಸ್ವಾಮಿ ಕೈಯಾರೆ ಬಿಟ್ಟ ನೀರಿನ ಲೆಕ್ಕವನ್ನೆಲ್ಲ ಪ್ರೋಗ್ರಾಮಿನಿಂದ ಅಳಿಸಿದೆ. ಹುಸೇನ್‌ಬೀ ಓಣಿಗೆ ನೀರು ಮುಟ್ಟುವವರೆಗೆ ಮೊದಲ ಓಣಿಯಿಂದ ಫೋನುಗಳು ಬರುತ್ತಲೇ ಇದ್ದವು. ಎಲ್ಲರಿಗೂ ಅದೇ ಮಾತು ಹೇಳಿ, ಎಲ್ಲರಿಂದಲೂ ಬೈಸಿಕೊಂಡೆ.