ಬೀರಮ್ಮನ ರೊಟ್ಟಿ, ಬಸಮ್ಮನ ಹೆಸರು

ಬೀರಮ್ಮನ ಹೆಸರನ್ನು ಕಿತ್ತುಕೊಂಡವನು ನಾನೇ. ಒಂದು ಊಟದ ಮಟ್ಟಿಗೆ ಅಂದುಕೊಂಡಿದ್ದೆ — ಅದು ವರ್ಷಗಟ್ಟಲೆ ನಡೆಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಒಡಹುಟ್ಟಿದ ಅಕ್ಕನಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ, ಕೇಳಿದ ಮೇಲೆ ನೀವು ನನ್ನನ್ನು ಏನಂದುಕೊಂಡರೂ ಸರಿ.

ನನ್ನೂರು ಮಾನ್ವಿ. ಅಕ್ಕಿ ಗಿರಣಿಯೊಂದರಲ್ಲಿ ನೌಕರಿ. ಗಿರಣಿಯ ಕೆಲಸಕ್ಕೆ ಆಗಾಗ ರಾಯಚೂರಿಗೆ ಹೋಗಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಇಳಿಯುತ್ತಿದ್ದೆ. ಆ ಲಾಡ್ಜಿನ ಸುತ್ತ ಎಲ್ಲಿ ಊಟ ರುಚಿ, ಎಲ್ಲಿ ಜೇಬು ಕತ್ತರಿಸುತ್ತಾರೆ, ಎಲ್ಲಿ ಮಧ್ಯಾಹ್ನದ ಸಾರಿಗೆ ಸಂಜೆ ನೀರು ಬೆರೆಸುತ್ತಾರೆ — ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾನ್ವಿಯಿಂದ ಯಾರೇ ರಾಯಚೂರಿಗೆ ಹೊರಟರೂ ಊಟಕ್ಕೆ ಎಲ್ಲಿ ಹೋಗಬೇಕೆಂದು ನನ್ನನ್ನು ಕೇಳಿಯೇ ಹೊರಡುತ್ತಿದ್ದರು. ಹೊಟ್ಟೆಬಾಕನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ? ನನಗೆ ಅದರ ಜಂಬವೂ ಸಾಕಷ್ಟಿತ್ತು.

ಅಕ್ಕನ ಮಗಳು ನಾಗವೇಣಿಯ ಮದುವೆ ದೇವದುರ್ಗದ ಮನೆತನದಲ್ಲಿ ಗೊತ್ತಾಯಿತು. ಜವಳಿ ತೆಗೆಯಲು ಎರಡೂ ಕಡೆಯವರು ರಾಯಚೂರಿಗೆ ಬಂದು ಅದೇ ಲಾಡ್ಜಿನಲ್ಲಿ ಇಳಿಯುವುದು, ಊಟದ ಜವಾಬ್ದಾರಿ ಹೆಣ್ಣಿನವರದು ಎಂದು ಮಾತಾಯಿತು. ಜವಳಿಗೆ ಬಂದ ಬೀಗರ ಊಟ ನಮ್ಮಲ್ಲಿ ಸಣ್ಣ ವಿಷಯವಲ್ಲ. ಸೀರೆಯಲ್ಲಿ ಕೊರತೆಯಾದರೆ ಅಂಗಡಿಯವನನ್ನು ಬೈಯಬಹುದು. ಊಟದಲ್ಲಿ ಕೊರತೆಯಾದರೆ ಆ ಮಾತು ಮದುವೆ ಹಂದರದ ತನಕ ಬರುತ್ತದೆ. ಭಾವ ತೀರಿಕೊಂಡಿದ್ದರು, ಅಕ್ಕನಿಗೆ ಇದ್ದವನು ನಾನೊಬ್ಬನೇ. "ಊಟದ್ದು ನಿಂದ ನೋಡಪ್ಪಾ. ಭಾಳ ತುಟ್ಟಿ ಬ್ಯಾಡ, ಹಂಗಂತ ಹಗುರನೂ ಆಗಬಾರ್ದು" ಅಂದಳು.

ನಾನು ಒಂದು ದಿನ ಮುಂಚೆಯೇ ಹೋಗಿ ಹೆಣ್ಣು ನೋಡುವವನ ಹಾಗೆ ಹೋಟೆಲುಗಳನ್ನು ನೋಡಿದೆ. ಲಾಡ್ಜಿನ ಕೆಳಗೇ ಗಾಜಿನ ಬಾಗಿಲಿನ ಎಸಿ ಹೋಟೆಲಿತ್ತು — ಬಟ್ಟಲು ಸಣ್ಣದು, ಬಿಲ್ಲು ದೊಡ್ಡದು. ಎದುರಿನ ಆಂಧ್ರ ಮೆಸ್‌ನಲ್ಲಿ ಪಪ್ಪು, ಗೋಂಗುರ ಎಲ್ಲ ಭರ್ಜರಿ. ಆದರೆ ರೊಟ್ಟಿ ಇಲ್ಲದ ಊಟವನ್ನು ದೇವದುರ್ಗದ ಹಿರಿಯರು ಊಟ ಅನ್ನುವುದಿಲ್ಲ. ಮೂಲೆಯ ಟಿಫಿನ್ ಸೆಂಟರ್‌ನ ಮಿರ್ಚಿ ಭಜಿ, ಮಂಡಕ್ಕಿಯ ಸೂಸಲ ನನಗೆ ಪ್ರಾಣ. ಆದರೆ ಬೀಗರನ್ನು ರಸ್ತೆಯಲ್ಲಿ ನಿಲ್ಲಿಸಿ ತಿನ್ನಿಸಲಾದೀತೆ? ಉಳಿದದ್ದು ಒಂದೇ — ಹಿಂದಿನ ಗಲ್ಲಿಯಲ್ಲಿದ್ದ ಬೀರಮ್ಮನ ಖಾನಾವಳಿ. ಹೆಂಚಿನಿಂದ ನೇರ ತಟ್ಟೆಗೆ ಬರುವ ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ದರವೂ ಹದ, ಊಟವೂ ಹದ. ಬಾಗಲವಾಡದಿಂದ ಬಂದ ಬೀರಮ್ಮ ಕುರಿ ಕಾಯುವ ಮನೆತನದವಳು. ನಾನು ಎಷ್ಟೋ ವರ್ಷಗಳಿಂದ ಅವಳ ಗಿರಾಕಿ. ಹೆಸರು ಹೇಳದೆ, ಹಿಂದಿನ ಗಲ್ಲಿಯ ಖಾನಾವಳಿಯಲ್ಲೇ ಊಟವೆಂದು ಅಕ್ಕನಿಗೂ ಬೀಗರಿಗೂ ಎದೆ ತಟ್ಟಿ ಹೇಳಿಬಿಟ್ಟೆ.

ಸಂಜೆಗೆ ಮದುಮಗನ ಫೋನು ಬಂತು. "ಮಾವಾರ, ನಮ್ಮಜ್ಜಿ ಲಿಂಗ ಕಟ್ಟಿದೋರ ಕೈ ಅಡಗಿ ಅಷ್ಟ ಉಣ್ತಾಳ್ರೀ. ನಿಮಗ ಗೊತ್ತಿರ್ಲಿ ಅಂತ ಹೇಳಿದೆ."

ಬೀರಮ್ಮ ಲಿಂಗ ಕಟ್ಟಿದವಳಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಬಸ್ ಸ್ಟ್ಯಾಂಡ್ ಕಡೆ ನಮ್ಮವರದೇ, ಲಿಂಗ ಕಟ್ಟಿದವರದೇ ಒಂದು ಖಾನಾವಳಿ ಇತ್ತು. ಆಟೋ ಮಾಡಿಕೊಂಡು ಹೋಗಬಹುದಿತ್ತು. ಆದರೆ ಅಲ್ಲಿ ರೊಟ್ಟಿ ತಣ್ಣಗಿರುತ್ತಿತ್ತು, ಮೇಲಾಗಿ ಎದೆ ತಟ್ಟಿ ಹೇಳಿದ ಮಾತನ್ನು ನಾನು ತಿರುಗಿಸಬೇಕಿತ್ತು. ರಾಯಚೂರಿನ ಊಟವನ್ನೆಲ್ಲ ಬಲ್ಲವನು ಎಂಬ ಹೆಸರು ನನಗೆ ಬೇಕಾಗಿತ್ತು — ಅದನ್ನು ಉಳಿಸಿಕೊಳ್ಳಲು ನಾನು ಇನ್ನೊಬ್ಬಳ ಹೆಸರಿಗೆ ಕೈಹಾಕಿದೆ. ನೇರ ಬೀರಮ್ಮನ ಹತ್ತಿರ ಹೋಗಿ, ನಾಳೆ ಹಣೆಗೆ ವಿಭೂತಿ ಹಚ್ಚಿಕೋ, ಯಾರಾದರೂ ಕೇಳಿದರೆ ಬಸಮ್ಮ ಅನ್ನು, ನಮ್ಮವಳೇ ಅನ್ನು ಎಂದೆ.

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಇಷ್ಟ ವರ್ಷ ನನ್ನ ಕೈ ರೊಟ್ಟಿ ತಿಂದೀರಿ ಅಣ್ಣಾರ. ನೀವ ಹಿಂಗಂದ್ರ ಹೆಂಗ್ರೀ?"

"ಒಂದ ಊಟಕ್ಕ ಅಷ್ಟ ಬೀರಮ್ಮ. ಹುಡುಗಿ ಮದುವಿ ಅದ."

ಆ ಕೊನೆಯ ಮಾತಿಗೆ ಅವಳು ಬೇಡ ಅನ್ನಲಾರಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ — ಇದನ್ನು ಮುಚ್ಚಿಡಲಾರೆ. "ಹುಡುಗಿ ಸಲುವಾಗಿ ಅಂದ್ರ… ಆಗ್ಲಿ ಬಿಡ್ರಿ" ಅಂದಳು.

ಮರುದಿನದ ಊಟ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಈಗಲೂ ನೆನೆದರೆ ಬಾಯಲ್ಲಿ ನೀರು ಬರುತ್ತದೆ, ಜೊತೆಗೆ ನಾಚಿಕೆಯೂ ಬರುತ್ತದೆ. ಅಜ್ಜಿ ಕೂತವರೇ ಕೇಳಿದರು: "ಅಡಗಿ ಮಾಡೋರು ಯಾರ್ರೀ ಬೀಗರ?" ಬೀರಮ್ಮ ಬಾಯಿ ತೆರೆಯುವ ಮೊದಲೇ ನಾನು "ನಮ್ಮ ಬಸಮ್ಮ ರೀ ಯವ್ವಾ, ನಮ್ಮೋರ" ಅಂದೆ. ಅಜ್ಜಿ ಲಿಂಗಕ್ಕೆ ಕೈಮುಗಿದು ರೊಟ್ಟಿ ಮುರಿದರು. ಒಂದು ರೊಟ್ಟಿ ಉಣ್ಣುವ ಜೀವ ಅವತ್ತು ಎರಡನೆಯದನ್ನು ಕೇಳಿ ಹಾಕಿಸಿಕೊಂಡಿತು. ಅಕ್ಕನ ಮುಖ ಅರಳಿತ್ತು. ನಾಗವೇಣಿ ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಕೈ ತೊಳೆದ ಮೇಲೆ ಅಜ್ಜಿ ಅಡುಗೆಯವಳನ್ನು ಹತ್ತಿರ ಕರೆದರು. ಜವಳಿಯ ಗಂಟು ಬಿಚ್ಚಿಸಿ ಒಂದು ಕುಬಸದ ಖಣ ತೆಗೆದರು. "ಬಸಮ್ಮಾ, ನಿನ್ನ ರೊಟ್ಟಿ ಉಂಡು ನಮ್ಮವ್ವ ನೆನಪಾದ್ಲು ಬೇ. ಈ ಕೈಗುಣ ಹಿಂಗ ಇರ್ಲಿ ನಿನಗ" ಎಂದು ಉಡಿ ತುಂಬಿದರು. ಬೀರಮ್ಮ ಸೆರಗೊಡ್ಡಿ ತೆಗೆದುಕೊಂಡಳು, ಕಾಲಿಗೆ ಬಿದ್ದಳು. ಎಷ್ಟು ಜನ ಉಂಡು ಎದ್ದು ಹೋಗಿದ್ದರು ಅವಳ ಖಾನಾವಳಿಯಿಂದ — ಉಡಿ ತುಂಬಿ ಹರಸಿದವರು ಯಾರಿದ್ದರು? ಅದೊಂದು ದಿನ ಅವಳಿಗೆ ಅದು ಸಿಕ್ಕಿತು, ಮತ್ತು ಅದು ಬೇರೆ ಯಾರದೋ ಹೆಸರಿಗೆ ಹೋಯಿತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮದುವೆ ಚೆನ್ನಾಗಿ ಆಯಿತು. ನಾಗವೇಣಿ ಸುಖವಾಗಿದ್ದಾಳೆ, ಅಳಿಯ ಬಂಗಾರದಂಥವನು, ಅಜ್ಜಿಗಂತೂ ಅವಳೆಂದರೆ ಜೀವ. ಅಜ್ಜಿ ಊರ ತುಂಬ ಹೇಳಿದ್ದರಿಂದ ದೇವದುರ್ಗದಿಂದ ರಾಯಚೂರಿಗೆ ಬಂದವರೆಲ್ಲ ಬಸಮ್ಮನ ಖಾನಾವಳಿ ಹುಡುಕಿಕೊಂಡು ಬರತೊಡಗಿದರು. "ಇವತ್ತ ದೇವದುರ್ಗದೋರು ಬಂದಿದ್ರು ಅಣ್ಣಾರ. ಬಸಮ್ಮ ಆಗಿದ್ದೆ" ಎಂದು ಬೀರಮ್ಮ ಹೇಳುವಳು. ನಾನು ನಗುತ್ತಿದ್ದೆ. ಅವಳು ನಕ್ಕಳೋ ಇಲ್ಲವೋ — ನಾನು ತಟ್ಟೆ ನೋಡುತ್ತಿದ್ದೆ, ಅವಳ ಮುಖವನ್ನಲ್ಲ.

ಕಳೆದ ತಿಂಗಳು ನಾಗವೇಣಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಮರಿಮೊಮ್ಮಗಳನ್ನು ನೋಡಲು ಅಜ್ಜಿ ಬಂದರು. ಊರಿಗೆ ದಿನಾ ಓಡಾಡುವ ಶಕ್ತಿ ಇಲ್ಲದ್ದರಿಂದ ಅದೇ ಲಾಡ್ಜಿನಲ್ಲಿ ಇಳಿಸಿದ್ದೆವು. ಮಧ್ಯಾಹ್ನ ನಾನು ಹೋದಾಗ ಕೋಣೆಯಲ್ಲಿ ಒಬ್ಬರೇ ಇದ್ದರು, ಖುಷಿಯಿಂದ ಹುಡುಗಿಯ ಹಾಗಾಗಿದ್ದರು. "ನಡಿ ತಮ್ಮಾ, ಬಸಮ್ಮನ ಕಡಿ ಹೋಗೂಣು. ಕೂಸಿನ ತೊಟ್ಲಕ್ಕ ಅಕಿನ್ನ ಕರೀಬೇಕು. ಹೆಸರಿಡಾಕ ಅಕಿ ಬರ್ಲೇಬೇಕು" ಅಂದರು.

ತುಂಬಿದ ಮನೆಯಲ್ಲಿ, ಅಷ್ಟು ಜನ ಬೀಗರ ನಡುವೆ, ಬೀರಮ್ಮ ಬಸಮ್ಮನಾಗಿ ಕೂತು ತೊಟ್ಟಿಲು ತೂಗಬೇಕು. ಹೊಸ ಸುಳ್ಳೊಂದು ನಾಲಿಗೆಯ ಮೇಲೆ ಬಂದಿತ್ತು — ಖಾನಾವಳಿ ಮುಚ್ಚಿದೆ ಅಂದುಬಿಡೋಣವೇ ಎಂದು. ನುಂಗಿಕೊಂಡೆ. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ.

ಅಜ್ಜಿಯ ಕೈ ಸೆರಗಿನೊಳಗೆ ಹೋಯಿತು. ಲಿಂಗವನ್ನು ಹಿಡಿದುಕೊಂಡರು. ಆಮೇಲೆ, "ನನ್ನ ನೇಮ ನಂದು. ನೀ ಖರೇ ಹೇಳಿದ್ರ ಹಾಲು ಹಣ್ಣು ತಿಂದು ನಿಮ್ಮ ಜೊತಿಗೇ ಕುಂಡರ್ತಿದ್ದೆ. ಹಾಲು ಹಣ್ಣಿಗೆ ನಾ ಯಾರ ಮನಿಯಾಗೂ ಒಲ್ಲೆ ಅಂದಿಲ್ಲ. ಮದುವಿ ನಿಲ್ತಿತ್ತೇನು?" ಅಂದರು. "ನನ್ನ ನೇಮಾನೂ ಕೆಡಿಸಿದಿ, ಅಕಿ ಹೆಸರೂ ಕೆಡಿಸಿದಿ" ಅಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಜ್ಜಿ ಬೇರೇನು ತಿನ್ನುತ್ತಾರೆ ಎಂದು ಅಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಊಟದ ಮಾತೆತ್ತದೆ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಕೆಳಗಿಳಿದು ಹಿಂದಿನ ಗಲ್ಲಿಗೆ ಹೋಗಿ ಬೀರಮ್ಮನಿಗೆ ನಡೆದದ್ದನ್ನು ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು. ಸಿಟ್ಟಾಗುತ್ತಾಳೆ ಅಂದುಕೊಂಡೆ. "ಹಂಗಾರ ಮುದುಕಿ ಉಂಡಿಲ್ಲೇನು?" ಎಂದು ಕೇಳಿ, ಎದ್ದು ಹಾಲು ಕಾಸಿ, ಕಂಚಿನ ಲೋಟಕ್ಕೆ ಹಾಕಿ, ಎರಡು ಬಾಳೆಹಣ್ಣು ಜೊತೆಗಿಟ್ಟು ನನ್ನ ಕೈಗೆ ಕೊಟ್ಟಳು.

ಕೋಣೆಗೆ ಬಂದಾಗ ಅಜ್ಜಿ ಎದ್ದು ಕೂತಿದ್ದರು. ಲೋಟ ನೋಡಿದರು.

"ಯಾರು ಕಾಸಿದ್ದು?"

"ಬೀರಮ್ಮ" ಅಂದೆ. ಅವರ ಮುಂದೆ ಆ ಹೆಸರಿನಿಂದ ಉತ್ತರ ಕೊಟ್ಟದ್ದು ಅದೇ ಮೊದಲು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಜ್ಜಿ ಅದರ ಬಿಸಿ ಇಳಿಯುವ ತನಕ ಕೂತಿದ್ದರು. ಕಡೆಗೆ ನನ್ನ ಕಡೆ ಚಾಚಿದರು. ಒಲ್ಲೆ ಅನ್ನುತ್ತಾರೆ ಎಂದುಕೊಂಡು ಲೋಟ ತೆಗೆದುಕೊಂಡೆ.

"ಆರ್ಯಾವ ಹಾಲು. ಹೋಗು, ಬೀರಮ್ಮನ ಕೈಲೇ ಬಿಸಿ ಮಾಡಿಸ್ಕೊಂಡು ಬಾ. ತೊಟ್ಲದ ದಿವ್ಸಾನೂ ಹೇಳಿ ಬಾ."

ಮತ್ತೆ ಮೆಟ್ಟಿಲಿಳಿದು ಹೋಗಿ ಅಜ್ಜಿ ಹೇಳಿಕಳಿಸಿದ ತೊಟ್ಟಿಲಿನ ದಿನ ಹೇಳಿದೆ. ಬೀರಮ್ಮ ಹಾಲನ್ನು ಒಲೆಯ ಮೇಲಿಟ್ಟಳು. ಇಷ್ಟು ವರ್ಷ ಆಡದ ಮಾತನ್ನು ಆಗ ಆಡಿದೆ — ಅವತ್ತು ನಿನಗೆ ನಾನು ಮಾಡಿದ್ದು ತಪ್ಪು, ಬೀರಮ್ಮ, ಎಂದು. ಅವಳು ಹೂಂ ಅನ್ನಲಿಲ್ಲ, ಇರಲಿ ಬಿಡ್ರಿ ಎಂದೂ ಅನ್ನಲಿಲ್ಲ. ಹಾಲು ಉಕ್ಕದಂತೆ ನೋಡುತ್ತ ನಿಂತಿದ್ದಳು. ನಾನೂ ಪಕ್ಕದಲ್ಲಿ ನಿಂತೆ.