ಅಜ್ಜ ಆರಿಸಿಕೊಟ್ಟ ನೀರು

ಆಗಿನ ಬೇಸಿಗೆ ರಜೆಗೆ ನಮ್ಮ ಮಟ್ಟಿಗೆ ಒಂದೇ ಅರ್ಥವಿತ್ತು, ನೀರು. ಯಾರ ಊರಲ್ಲಿ ಈಜಲು ನೀರಿದೆಯೋ ಅವರ ಮನೆಗೆ ಮಕ್ಕಳ ದಂಡು. ಮೂಡಲಗಿಯ ನಮ್ಮ ಮನೆಯ ಹಿಂದೆ ಕಬ್ಬಿನ ಹೊಲ, ಅದರಾಚೆ ಕಾಲುವೆ ಇತ್ತು ನಿಜ. ಆದರೆ ಕಾಲುವೆಗೆ ಇಳಿದರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ವರ್ಷಕ್ಕೊಮ್ಮೆ ಹೇಳಿಯೇ ಹೇಳುತ್ತಿದ್ದ. ಹಾಗಾಗಿ ಪರೀಕ್ಷೆ ಮುಗಿದ ಮರುದಿನವೇ ನಾನು ಅವ್ವನ ತವರಿಗೆ ಹೊರಡುತ್ತಿದ್ದೆ. ಅದು ಹುಕ್ಕೇರಿ ತಾಲ್ಲೂಕಿನಲ್ಲಿ, ಹಿಡಕಲ್ ಜಲಾಶಯದ ಹಿನ್ನೀರಿನ ದಂಡೆಯ ಮೇಲಿನ ಊರು. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಅಜ್ಜನಿಗೆಂದು ಕರದಂಟು ಕೊಳ್ಳಲೇಬೇಕು. ಅಜ್ಜನ ಬಾಯಲ್ಲಿದ್ದದ್ದು ನಾಲ್ಕೇ ಹಲ್ಲು. ಆದರೂ ಒಂದು ತುಂಡನ್ನು ದವಡೆಗೆ ಒತ್ತಿಕೊಂಡು ಸಂಜೆಯವರೆಗೆ ಚೀಪುತ್ತಿದ್ದ, ಮಾತಾಡಿಸಿದರೆ ಬಾಯಿ ಖಾಲಿ ಇಲ್ಲವೆಂದು ಕೈಸನ್ನೆ ಮಾಡುತ್ತಿದ್ದ.

ನಾನು ಐದನೇ ತರಗತಿ ಮುಗಿಸಿದ ವರ್ಷ ಆ ಮನೆಯಲ್ಲಿ ನೀರಿನದೇ ಒಂದು ಜಗಳ ಹುಟ್ಟಿತು. ಅವ್ವನ ತಮ್ಮ, ನನ್ನ ಮಾವ, ಹೊಸ ಬೈಕು ತಂದಿದ್ದ. ಅದನ್ನು ಎಲ್ಲಿಗಾದರೂ ಓಡಿಸಬೇಕಲ್ಲ.

"ಈ ಸಲ ಹುಡುಗೂರ್ನ ಧೂಪದಾಳ ಡ್ಯಾಮಿಗೆ ಕರಕೊಂಡ ಹೊಕ್ಕೇನಿ. ಅಲ್ಲಿ ಹಕ್ಕಿ ಬರತಾವು, ನೆಳ್ಳ ಐತಿ, ತಿನ್ನಾಕ ಸಿಗತೈತಿ. ಇಲ್ಲೇನೈತಿ? ಬರೇ ರಾಡಿ!" ಎಂದ.

ಅವನ ಮಗ ಬಸು ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಅಜ್ಜ ಬಾಯಿಂದ ಕರದಂಟು ತೆಗೆದು ಅಂಗೈಯಲ್ಲಿಟ್ಟುಕೊಂಡ. ಅದನ್ನು ಹೊರತೆಗೆದನೆಂದರೆ ಮಾತು ದೊಡ್ಡದೇ.

"ಆ ನೀರಿನ ಗುರ್ತ ನನಗಿಲ್ಲ. ಗುರ್ತಿಲ್ಲದ ನೀರಿಗೆ ಮಕ್ಕಳ್ನ ಇಳಸಾಂವಲ್ಲ ನಾ."

ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ರಜೆಗೆ ಬಂದ ಮೊಮ್ಮಗಳ ಮಾತಿಗೆ ಆ ಮನೆಯಲ್ಲಿ ಬೆಲೆ ಜಾಸ್ತಿ. ನಾನು ಅಜ್ಜನ ನೀರೇ ಬೇಕೆಂದೆ. ಅಜ್ಜನ ಮೇಲಿನ ಪ್ರೀತಿಗಿಂತ ಸ್ವಾರ್ಥವೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆ ವರ್ಷ ಅಜ್ಜ ನನ್ನ ಬೆನ್ನಿಗೆ ಕಟ್ಟುತ್ತಿದ್ದ ಎಣ್ಣೆಯ ಖಾಲಿ ಡಬ್ಬಿಯನ್ನು ಬಿಚ್ಚಿ, ಹಾಗೇ ಈಜಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಹೆಣ್ಣುಹುಡುಗಿಗೆ ಈಸು ಯಾಕೆ ಎಂದು ಆಯಿ, ಅಂದರೆ ನನ್ನ ಅಜ್ಜಿ, ಗೊಣಗಿದ್ದಕ್ಕೆ "ನೀರಿಗೆ ಗಂಡು ಹೆಣ್ಣು ಗೊತ್ತಾಗತೈತೇನ?" ಎಂದು ಕೇಳಿದ್ದ.

ಹಿನ್ನೀರು ಕೆರೆಯಂತಲ್ಲ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಟ್ಟಂತೆಲ್ಲ ಅದರ ಅಂಚು ದಿನಾ ಹಿಂದೆ ಸರಿಯುತ್ತದೆ. ನಿನ್ನೆ ಈಜಿದ ಜಾಗ ಇವತ್ತು ಬಿರುಕು ಬಿಟ್ಟ ಕೆಸರು. ಹಾಗಾಗಿ ಇಳಿಯುವ ಜಾಗವನ್ನು ಪ್ರತಿದಿನ ಹೊಸದಾಗಿ ಆರಿಸಬೇಕು. ಅದನ್ನು ಆರಿಸುವುದು ಅಜ್ಜನೊಬ್ಬನಿಗೇ ಸಾಧ್ಯವಿತ್ತು, ಯಾಕೆಂದರೆ ಆ ನೀರಿನ ಕೆಳಗಿದ್ದದ್ದು ಅವನ ಹಳೆಯ ಊರಿನ ಹೊಲಗಳು. ಹೊಲಗಳಲ್ಲಿ ಏಳು ಬಾವಿ. ಡ್ಯಾಮಿನ ನೀರು ಬರುತ್ತದೆಂದು ಊರು ಬಿಡುವಾಗ ಜನ ಬಾವಿಕಟ್ಟೆಯ ಕಲ್ಲುಗಳನ್ನು ಕಿತ್ತು ಹೊಸ ಮನೆಗಳಿಗೆ ತಂದರು. ನಾವು ಕೂತು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದ ಮೆಟ್ಟಿಲೂ ಬಾವಿಯದೇ ಕಲ್ಲು. ಆದರೆ ಬಾವಿಯನ್ನು ಮಾತ್ರ ಒಬ್ಬರೂ ಮುಚ್ಚಲಿಲ್ಲ. ಅಷ್ಟು ವರ್ಷ ನೀರು ಕೊಟ್ಟ ಬಾವಿಗೆ ಮಣ್ಣು ಹಾಕುವುದು ಪಾಪ ಎಂದು ಆಯಿ ಸೇರಿ ಬಾವಿಯಿದ್ದ ಏಳೂ ಮನೆಯ ಹೆಂಗಸರು ಬಾವಿಗಳಿಗೆ ಉಡಿ ತುಂಬಿ, ಅತ್ತುಕೊಂಡು ಬಂದರಂತೆ. ಕಟ್ಟೆ ಇಲ್ಲ, ಮುಚ್ಚಳ ಇಲ್ಲ. ಮೊಣಕಾಲು ನೀರಲ್ಲಿ ನಡೆಯುತ್ತಿದ್ದವರು ಒಂದು ಹೆಜ್ಜೆ ತಪ್ಪಿದರೆ ನೇರ ಬಾವಿಯೊಳಗೆ.

ಅದಕ್ಕೇ ಅಜ್ಜ ದಂಡೆಯ ಮೇಲೆ ಕೋಲೂರಿ ನಿಂತು, ಹುಬ್ಬಿಗೆ ಕೈ ಹಚ್ಚಿ ಎದುರಿನ ಗುಡ್ಡ ನೋಡುತ್ತಿದ್ದ. ಗುಡ್ಡದ ನೆತ್ತಿಯ ಗುಡಿ, ಅದರ ಕೆಳಗಿನ ಕರಿಬಂಡೆ, ಇವೆರಡೂ ಒಂದೇ ಸಾಲಿಗೆ ಬಂದರೆ ನಮ್ಮ ಕಾಲ ಮುಂದೆ ಮುಲ್ಲಾರ ಬಾವಿ. ಗುಡಿ ಬಂಡೆಯ ಎಡಕ್ಕೆ ಸರಿದರೆ ಕುಂಬಾರರ ಬಾವಿ. ಹೀಗೆ ಒಂದೊಂದಕ್ಕೂ ಒಂದು ಗುರುತು. ಮೊದಲಿನದು ಅವನ ಬಾಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅಜ್ಜ ನೋಡಿ ಮುಗಿಸಿದ ಮೇಲೆ ಎಮ್ಮೆ ಚಂದ್ರಿಯನ್ನು ಬಿಡುತ್ತಿದ್ದ. ಅವಳು ಹಬ್ಬದೂಟಕ್ಕೆ ನುಗ್ಗುವವರ ಹಾಗೆ ನೀರಿಗೆ ನುಗ್ಗಿ ಮೂಗಿನವರೆಗೆ ಮುಳುಗಿ ಕೂರುತ್ತಿದ್ದಳು. ಆಮೇಲೆ ನಮ್ಮ ಸರದಿ. ಎಮ್ಮೆಯ ಮೈಯ ವಾಸನೆ, ಕಾದ ಕೆಸರಿನ ವಾಸನೆ, ದಂಡೆಯ ಮೇಲೆ ಬುತ್ತಿಯಲ್ಲಿ ಕಾಯುತ್ತಿದ್ದ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಗಟ್ಟಿ ಮೊಸರು. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ.

ಆ ವರ್ಷ ಅಜ್ಜ ಆಗಾಗ ನನ್ನನ್ನು ಅವ್ವನ ಹೆಸರಿಂದ, ಶಾಂತಾ ಎಂದು ಕರೆಯುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ಒಮ್ಮೆ ಉಂಡು ಕೈ ತೊಳೆದು ಬಂದು, ಊಟ ಯಾವಾಗ ಎಂದು ಆಯಿಯನ್ನು ಕೇಳಿದ. ಅದಕ್ಕೂ ನಕ್ಕೆವು. ಮಾವ ಮಾತ್ರ ನಗಲಿಲ್ಲ. "ಅಪ್ಪಾ, ಹಿಂಗ ಮರಿಯಾಕತ್ತರ ಹುಡುಗೂರ್ನ ನಿನ್ನ ಜೋಡಿ ನೀರಿಗೆ ಕಳಸೂದ ಬಂದ್" ಎಂದ. ಅಜ್ಜ ಎದ್ದು ಚಂದ್ರಿಯ ಹಗ್ಗ ಬಿಚ್ಚಲು ಹೋದ.

ಅದಾಗಿ ಎರಡು ದಿನಕ್ಕೆ ದಂಡೆಯಲ್ಲಿ ನಿಂತ ಅಜ್ಜ ಎಂದಿನಂತೆ ಗುಡ್ಡ ನೋಡಿ, "ಇಲ್ಲೇ ಇಳೀರಿ" ಎಂದ. ಚಂದ್ರಿಯನ್ನು ಬಿಟ್ಟ. ಅವಳು ಮೊಣಕಾಲಿನ ತನಕ ಹೋದವಳು ಗಕ್ಕನೆ ನಿಂತಳು. ಮೂಗು ಊದಿದಳು, ಹಿಂದೆ ಸರಿದಳು. ಅಜ್ಜ ಹೊಡೆದ. ಅವಳಿಗೆ ಅವನು ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಸು ಡಬ್ಬಿ ಕಟ್ಟಿಕೊಂಡು ಓಡಲು ಸಿದ್ಧನಾಗಿದ್ದ.

ನಾನು ತಲೆಯೆತ್ತಿ ನೋಡಿದೆ. ಗುಡಿ, ಬಂಡೆ ಎರಡೂ ಒಂದೇ ಸಾಲಿನಲ್ಲಿದ್ದವು.

ಬಸುನ ರಟ್ಟೆಯನ್ನು ಉಗುರು ನಾಟುವ ಹಾಗೆ ಹಿಡಿದೆ. ಅಜ್ಜನಿಗೆ ಗುರುತು ತಪ್ಪಿದೆ ಎಂದರೆ ಬಸು ಮನೆಗೆ ಹೋಗಿ ಹೇಳುತ್ತಾನೆ. ಹೇಳಿದರೆ ಅಜ್ಜನ ಕೈಯಿಂದ ಈ ನೀರೂ ಹೋಗುತ್ತದೆ. ಅದೊಂದೇ ಅವನಿಗೆ ಉಳಿದಿದ್ದ ಹೊಲ.

"ಅಜ್ಜಾ, ಭಾಳ ಹಸಿವಾಗೇತಿ. ಮೊದ್ಲ ಬುತ್ತಿ ಬಿಚ್ಚೂಣು" ಎಂದೆ.

ಅಜ್ಜ ನನ್ನನ್ನು ನೋಡಿದ. ಆಮೇಲೆ ಗುಡ್ಡ ನೋಡಿದ, ಬಹಳ ಹೊತ್ತು. ಮೆಲ್ಲಗೆ ಕೂತು, ಪಾಠ ಒಪ್ಪಿಸಿಕೊಳ್ಳುವ ಮಾಸ್ತರರ ದನಿಯಲ್ಲಿ ಕೇಳಿದ, "ಇದ ಯಾರ ಬಾವಿ, ಹೇಳ?"

"ಮುಲ್ಲಾರದ, ಅಜ್ಜಾ."

"ಶಾಣ್ಯಾಕಿ. ನಿಮ್ಮ ಪರೀಕ್ಷಾ ಮಾಡಿದ್ನಿ."

ಬಸು ನಂಬಿದ. ನಾನು ನಂಬಿದ ಹಾಗೆ ಮಾಡಿದೆ. ರೊಟ್ಟಿ ಮುರಿಯುವಾಗ ಅಜ್ಜ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಹಾಗೇ ಕೂತ. ಅಜ್ಜನಿಗೆ ವಯಸ್ಸಾಗಿದೆ ಎಂದು ನನಗೆ ಗೊತ್ತಾದದ್ದು ಆ ಕೈಯ ಭಾರದಿಂದ. ಅಳು ಬಂತು, ಹಿಂಡಿಯ ಖಾರದ ಮೇಲೆ ಹಾಕಿದೆ.

ಮರುದಿನದಿಂದ ಅಜ್ಜ ಇಳಿಯುವ ಜಾಗವನ್ನು ನನ್ನ ಕೈಯಲ್ಲೇ ಆರಿಸಿದ. "ನೀ ನೋಡಿ ಹೇಳ. ನಾ ಸರಿ ತಪ್ಪು ಹೇಳತೇನಿ." ದಿನಕ್ಕೊಂದು ಗುರುತು ಹೇಳಿಕೊಟ್ಟ. ಮುಲ್ಲಾರ ಬಾವಿ, ಕುಂಬಾರರ ಬಾವಿ, ಗೌಡರ ಬಾವಿ, ಹುಣಸೆಮರದ ಬಾವಿ, ಕೊನೆಗೆ ನಮ್ಮದೇ ಬಾವಿ. ಅದರಿಂದ ದೂರಕ್ಕೆ ಸರಿದು ನನ್ನ ಡಬ್ಬಿ ಬಿಚ್ಚಿ, ನಮ್ಮ ಹೊಲದ ಮೇಲೆ ನನ್ನನ್ನು ಈಜಿಸಿದ. "ಇದರ ಮ್ಯಾಲ ಜ್ವಾಳ ಬೆಳಿತಿದ್ವಿ" ಎಂದು ದಂಡೆಯಿಂದ ಕೂಗಿದ. ನಾನು ಕೈಕಾಲು ಬಡಿಯುತ್ತಿದ್ದೆ, ಉತ್ತರ ಕೊಡಲು ಉಸಿರಿರಲಿಲ್ಲ.

ಆರನೆಯ ದಿನ ಅಪ್ಪ ಬಂದು ನಿಂತ. ಅವ್ವನಿಗೆ ಜ್ವರ, ಮೂಡಲಗಿಗೆ ಹೊರಡಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಎರಡು ಬೆರಳು ತೋರಿಸಿದ. "ಇನ್ನೆರಡ ಉಳದಾವು. ಮುಂದಿನ ವರ್ಷ ಹೇಳತೇನಿ."

ಮುಂದಿನ ವರ್ಷ ಅಜ್ಜ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕರದಂಟು ಬಾಯಿಗಿಟ್ಟರೆ ಚೀಪುವುದನ್ನು ಮರೆತಿರಲಿಲ್ಲ. ಕಿವಿಯ ಹತ್ತಿರ ಹೋಗಿ ಕೇಳಿದೆ, "ಅಜ್ಜಾ, ಇನ್ನೆರಡು ಬಾವಿ ಯಾವುವು?" ಅವನು ಬಹಳ ಅಕ್ಕರೆಯಿಂದ ನಕ್ಕು, "ನೀರಡಿಕಿ ಆಗೇತೇನ ಶಾಂತಾ? ಒಳಗ ಕೊಡದಾಗ ಐತಿ, ಕುಡಿ ಹೋಗವ್ವಾ" ಎಂದ. ನಾನು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಈಗ ನೀರು ಆರಿಸಲು ಅಜ್ಜ ಬೇಕಿಲ್ಲ, ಫೋನು ಸಾಕು. ಯಾವ ಡ್ಯಾಮಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲಿ ಕಾರು ನಿಲ್ಲಿಸಬಹುದು, ಎಲ್ಲವೂ ಅದರಲ್ಲಿದೆ. ಹೋದ ಬೇಸಿಗೆಯಲ್ಲಿ ನನ್ನ ಮಗಳೂ ಹಾಗೆ ನೋಡಿ ಧೂಪದಾಳ ಎಂದಳು. ನಾನು ಹಟ ಮಾಡಿ ಹಿನ್ನೀರಿಗೆ ಕರೆದುಕೊಂಡು ಹೋದೆ. ದಂಡೆಯಲ್ಲಿ ಒಂದು ಎಮ್ಮೆಯೂ ಇರಲಿಲ್ಲ. ಮಾವನನ್ನು ಕೇಳಿದರೆ, "ನಾ ಆವಾಗ ಸಣ್ಣಾಂವ, ಯಾವ ಬಾವಿ ಎಲ್ಲಿತ್ತೋ ಯಾರಿಗ್ಗೊತ್ತ" ಎಂದ. ಗೊತ್ತಿದ್ದ ಮುದುಕರು ಒಬ್ಬರೂ ಉಳಿದಿಲ್ಲ.

ಮಗಳು ಪ್ಯಾಂಟು ಮಡಚಿಕೊಂಡು, "ಮಮ್ಮಿ, ಇಲ್ಲಿ ಇಳೀಲಾ?" ಎಂದಳು. ನಾನು ಹುಬ್ಬಿಗೆ ಕೈ ಹಚ್ಚಿ ಗುಡ್ಡ ನೋಡಿದೆ. ಗುಡಿಗೆ ಹೊಸ ಬಣ್ಣ ಬಂದಿತ್ತು, ಬಂಡೆ ಹಾಗೇ ಇತ್ತು. ಬೆರಳು ತೋರಿಸಿ ಒಂದೊಂದೇ ಬಾವಿಯ ಹೆಸರು ಹೇಳಿದೆ, ಅವಳು ನನ್ನ ಹಿಂದೆ ಎಣಿಸಿದಳು.

"ಐದಾದುವು. ಇನ್ನೆರಡು?"

ಅವಳ ಕೈ ಹಿಡಿದು ದಂಡೆಯ ಮೇಲಕ್ಕೆ ಕರೆದುಕೊಂಡು ಬಂದೆ. ಕಣ್ಣು ಹಾಯುವವರೆಗೂ ನೀರಿತ್ತು. ಆ ಎರಡು ಬಾವಿ ಗೊತ್ತಿಲ್ಲದ್ದಕ್ಕೆ ಅಷ್ಟೂ ನೀರನ್ನು ಬಿಟ್ಟು, ಕಾಲು ಸಹ ನೆನೆಸದೆ ಮನೆಗೆ ಬಂದೆವು.