ರೇಡಿಯೇಶನ್ ಕೆಲಸದವಳು

ನಂಜನಗೂಡಿನ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಆಫೀಸು. ಬೆಂಗಳೂರಿನ ಸಂಸ್ಥೆಗೆ ಆಗಾಗ ಹೋಗಿಬಂದರೆ ಸಾಕಿತ್ತು. ಏನು ಕೆಲಸ ಎಂದು ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದೆ: ಬಾಹ್ಯಾಕಾಶದಲ್ಲಿ ವಿಕಿರಣ ಜಾಸ್ತಿ. ಗೋಡೆ ಎಷ್ಟು ದಪ್ಪವಿದ್ದರೆ ಉಪಗ್ರಹದ ಒಳಗಿನ ಉಪಕರಣಗಳು ಉಳಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ನಂಬಬಹುದೇ ಎಂದು ನೋಡುವವಳು ನಾನು. ಮೇಲೆ ಹಾರುತ್ತಿರುವ ಉಪಗ್ರಹ ನಿಜವಾಗಿ ಅಳೆದು ಕಳಿಸಿದ್ದರ ಜೊತೆ ಅದನ್ನು ಹೋಲಿಸುತ್ತೇನೆ.

ತಿ. ನರಸೀಪುರದಿಂದ ಗಂಡಿನವರು ನೋಡಲು ಬಂದಾಗಲೂ ಇದನ್ನೇ ಹೇಳಿದೆ. ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

“ರೇಡಿಯೇಶನ್ನಾ? ನಮ್ ನಾದ್ನಿಗೆ ಕ್ಯಾನ್ಸರ್ ಆದಾಗ ಕೊಟ್ರಲ್ಲ, ಅದೇಯಾ?”

“ಅದು ನನ್ನ ಹತ್ರ ಸುಳಿಯೋದೇ ಇಲ್ಲಮ್ಮ. ನಾನು ನೋಡೋದು ಬರೀ ಅಂಕಿ.”

“ಅಂಗಂತೀಯ ಕಣವ್ವ. ನಾಳೆ ಮಕ್ಳಾಗ್ನಿಲ್ಲ ಅಂದ್ರೆ ಯಾರನ್ ಕೇಳಾನ?”

ಹುಡುಗ ಬಿ.ಎಸ್ಸಿ. ಓದಿದವನು. ಮೊಬೈಲಿನಿಂದ ತಲೆಯೆತ್ತಲಿಲ್ಲ.

ಅವರು ಹೋದಮೇಲೆ ಅಪ್ಪನ ಸಿಟ್ಟೆಲ್ಲ ನನ್ನ ಮೇಲೆ. “ಕಂಪ್ಯೂಟ್ರು ಕೆಲ್ಸ ಅಂದಿದ್ರೆ ಮುಗ್ದೋಗದು. ಅಷ್ಟುದ್ದ ಯೋಳು ಅಂದೋರ್ಯಾರು ನಿಂಗೆ?”

ಮಾತು ಪಕ್ಕದೂರು ಕಳಲೆಯ ನೆಂಟರ ಮನೆಗೆ ಹೋಯಿತು, ಅಲ್ಲಿಂದ ಹೆಡತಲೆ ಊರಿಗೆ. ಆಮೇಲೆ ಬರಬೇಕಿದ್ದ ಗಂಡಿನವರು ಫೋನಿನಲ್ಲೇ ಬೇಡ ಅಂದರು.

ಆ ದಿನಗಳಲ್ಲೇ, ಹೋಲಿಸಿ ನೋಡುವಾಗ, ಸಂಸ್ಥೆಯ ಲೆಕ್ಕದಲ್ಲಿ ನನಗೊಂದು ತಪ್ಪು ಸಿಕ್ಕಿತು. ದಪ್ಪ ಗೋಡೆಯ ಹಿಂದೆ ವಿಕಿರಣ ಎಷ್ಟಿರುತ್ತದೆ ಎಂದು ಲೆಕ್ಕ ಹೇಳಿತ್ತೋ, ಅಳತೆ ಅದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಬಾಹ್ಯಾಕಾಶದ ಪ್ರೋಟಾನುಗಳು ಗೋಡೆಗೆ ಬಡಿದಾಗ ಅಲ್ಲಿಂದಲೇ ಸಿಡಿಯುವ ನ್ಯೂಟ್ರಾನುಗಳನ್ನು ಲೆಕ್ಕ ಪೂರ್ತಿ ಹಿಡಿದಿರಲಿಲ್ಲ. ಸಂಸ್ಥೆಯವರು ಒಪ್ಪಿಕೊಂಡು ತಿದ್ದಿದರು. ವಿಡಿಯೊ ಕರೆಯಲ್ಲಿ ಹಿರಿಯರೊಬ್ಬರು ನನ್ನನ್ನು ಬಾಯ್ತುಂಬ ಹೊಗಳಿದರು. ಖುಷಿಯಿಂದ ಕೆಳಗಿಳಿದು ಬಂದು ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದ ಅವ್ವ, “ಇನ್ಯಾರ ಹತ್ರನೂ ಯೋಳ್ಬೇಡ” ಅಂದಳು.

ಕೆಲವು ತಿಂಗಳಿಗೆ ಅತ್ತಿಗೆಯ ಸೀಮಂತ. ಎಲ್ಲರಂತೆ ನಾನೂ ಅವಳಿಗೆ ಬಳೆ ತೊಡಿಸಲು ಎದ್ದೆ. ಅವ್ವ ಮೊಣಕೈ ಹಿಡಿದಳು.

“ನೀನು ಆ ಕಡೆ ಕೂತ್ಕ. ಅವ್ಳ ತವ್ರುಮನೆಯೋರು ನೋಡ್ತಾವ್ರೆ.”

“ನೀನೂ ನಂಬ್ತೀಯಾ ಅವ್ವ?”

“ನಂಬದಲ್ಲ ಕಣೆ. ಮಗೀಗೇನಾರ ಆದ್ರೆ ನಿನ್ ತಲೆಗೇ ಕಟ್ತಾರೆ.”

ಕೈಯಲ್ಲಿದ್ದ ಹಸಿರು ಬಳೆಗಳನ್ನು ತಟ್ಟೆಗೆ ಹಾಕಿ, ಅಡುಗೆಯವರ ಹತ್ತಿರ ಹೋಗಿ ಕೂತೆ. ಅಣ್ಣ ಎರಡು ಸಲ ಆ ಕಡೆ ಬಂದು, ಅಡುಗೆಯವರನ್ನು ಊಟ ಎಷ್ಟು ಹೊತ್ತಿಗೆ ಎಂದು ಕೇಳಿ ಹೋದ. ನಂಬಿಕೆಯಿಂದ ದೂರ ಇಟ್ಟಿದ್ದರೆ ವಾದಿಸಬಹುದಿತ್ತು. ನಂಬದೆಯೂ ದೂರ ಇಟ್ಟವರ ಹತ್ತಿರ ಏನು ಹೇಳುವುದು?

ಮಗು ಗುಂಡುಗುಂಡಾಗಿ, ಆರೋಗ್ಯವಾಗಿ ಹುಟ್ಟಿತು. ಆದರೂ ನಾನು ಮಹಡಿಯಿಂದ ಇಳಿದು ಬಂದರೆ ಅತ್ತಿಗೆ ಏನೋ ನೆಪ ಹೇಳಿ ಅದನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮೈಸೂರಿನಲ್ಲಿ ಒಂದು ರೂಮು ನೋಡಿದ್ದೇನೆ ಎಂದು ಒಂದು ಬೆಳಿಗ್ಗೆ ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟು, ಸಾಮಾನು ಸಾಗಿಸಲು ಗಾಡಿ ಹೇಳಲೇ ಎಂದು ಕೇಳಿದ.